ಬೂತಿನ ಇನ್ನೊಂದು ರಿಸೀವರ್

ಸಿದ್ದಪ್ಪ, ನಿನ್ನ ಫೋನಿನ ಮಾತು ಕದ್ದು ಕೇಳಿದವನು ನಾನೇ.

ಕೋಟೆ ಪಟ್ಟಣದ ಬಸ್ ನಿಲ್ದಾಣದ ಎದುರು ನನ್ನ ಎಸ್‌ಟಿಡಿ ಬೂತಿತ್ತಲ್ಲ — ನೀನು ಗಾಜಿನ ಬಾಗಿಲು ಎಳೆದುಕೊಂಡು ಒಳಗೆ ಮಾತಾಡುತ್ತಿದ್ದೆ. ಅದೇ ಲೈನಿನ ಇನ್ನೊಂದು ರಿಸೀವರ್ ನನ್ನ ಮೇಜಿನ ಕೆಳಗಿತ್ತು. ಕಾಕನಕೋಟೆ ಕಾಡಿನಿಂದ ಒಕ್ಕಲೆಬ್ಬಿಸಿದ ಹಾಡಿಯ ಬುಡಕಟ್ಟು ಜನರಿಗಾಗಿ ನೀನು ಧರಣಿ ಕೂತಿದ್ದ ದಿನಗಳು. ಮಫ್ತಿಯಲ್ಲಿ ಬಂದ ಪೊಲೀಸಿನವನು ಯಾವ ಆದೇಶವನ್ನೂ ತೋರಿಸಲಿಲ್ಲ, ನಾನೂ ಕೇಳಲಿಲ್ಲ. "ತಪ್ಪು ಮಾಡ್ದೆ ಇರೋನ್ಗೆ ಯಾಕ್ಲಾ ಭಯ? ಸುಮ್ಕೆ ಕೇಳಿಸ್ಕೊ" ಅಂದ. ಕೇಳಿಸಿಕೊಂಡೆ. ನೀನು ಕೇರಳಕ್ಕೆ ಪದೇ ಪದೇ ಫೋನ್ ಮಾಡುತ್ತೀಯ ಎಂದೆ. ಅದು ತಂಗಿಗೆ ಅಂತಲೂ ಹೇಳಿದೆ. "ತಂಗಿ ಗಿಂಗಿ ಬ್ಯಾಡ, ನಂಬರ್ ಕೊಡು" ಅಂದ. ಕೊಟ್ಟೆ. ಹೆದರಿಕೆಯೊಂದೇ ಅಲ್ಲ — ಸರ್ಕಾರ ನನ್ನನ್ನು ನಂಬಿತಲ್ಲ ಎಂಬ ಹೆಮ್ಮೆಯೂ ಇತ್ತು. ಥೂ!

ನಿನ್ನನ್ನು ಹಿಡಿದೊಯ್ದರು. ಕೇರಳದ ನಕ್ಸಲರ ಜೊತೆ ನಿನಗೆ ನಂಟು ಎಂದು ಪತ್ರಿಕೆಯಲ್ಲಿ ಬಂತು. ಬರೆದವನು ನಿನ್ನನ್ನು ಒಂದು ಮಾತು ಕೇಳಿರಲಿಲ್ಲ. ಆದರೆ ನನಗೆ ನಿಜ ಗೊತ್ತಿತ್ತಲ್ಲ! ಕೇರಳದ ಮಾನಂದವಾಡಿಗೆ ಕೊಟ್ಟ ನಿನ್ನ ತಂಗಿ ಗೌರಿ, ತುಂಬು ಬಸುರಿ, "ಬಾಣಂತನಕ್ಕೆ ನೀನೇ ಬಂದು ಕರ್ಕೊಂಡೋಗು ಕಣಣ್ಣ" ಅಂದದ್ದನ್ನು ಈ ಕಿವಿ ಕೇಳಿತ್ತು. ಕೋರ್ಟಿನಲ್ಲೋ ಧರಣಿಯ ಟೆಂಟಿನಲ್ಲೋ ನಿಂತು ಅಷ್ಟು ಹೇಳಿದ್ದರೆ... ಹೇಳಿದರೆ, ಕದ್ದು ಕೇಳಿದವನು ಯಾರೆಂದು ಗೊತ್ತಾಗುತ್ತಿತ್ತು.

ಪೊಲೀಸರು ಅವಳ ಗಂಡನ ಮನೆಗೂ ಹೋದರು. ನಕ್ಸಲನ ತವರು ಬೇಡವೆಂದು ಆ ಮನೆಯವರು ನಂಟನ್ನೇ ಕಡಿದುಕೊಂಡರು. ನೀನು ಬಿಡುಗಡೆಯಾಗಿ ಬಂದೆ. ಗೌರಿ ಇವತ್ತಿಗೂ ಬಂದಿಲ್ಲ.

ನಿನ್ನೆ ಟೀ ಅಂಗಡಿಯ ಟಿವಿಯಲ್ಲಿ ಅದೇ ಚರ್ಚೆ — ಕೋರ್ಟಿನ ಅಪ್ಪಣೆಯಿಲ್ಲದೆ ಸರ್ಕಾರ ಜನರ ಫೋನಿಗೆ ಕಿವಿಯಿಡಬಹುದೇ ಎಂದು. ಕೂಡದು ಅಂದವರಿಗೆ ಮಾತಾಡಲು ಬಿಡದೆ ನಿರೂಪಕ "ದೇಶದ್ರೋಹಿ" ಎಂದು ಅರಚುತ್ತಿದ್ದ. ನೀನು ಗ್ಲಾಸು ಕುಕ್ಕಿದೆ: "ಇವ್ರೇನು ನ್ಯೂಸ್ನೋರಾ, ಇಲ್ಲ ಸರ್ಕಾರದ ತಮಟೆಯೋರಾ?"

ಪಕ್ಕದ ಹೊಗೆಸೊಪ್ಪಿನ ವ್ಯಾಪಾರಿ ನಕ್ಕ: "ತಪ್ಪು ಮಾಡ್ದೆ ಇರೋನ್ಗೆ ಯಾಕಣ್ಣ ಭಯ?"

ನೀನು ನನ್ನ ಕಡೆ ತಿರುಗಿದೆ. "ನೀನೇ ಯೋಳ್ಲಾ ಮಾದೇವ. ನಿನ್ ಬೂತ್ನಲ್ಲಿ ವರ್ಷಗಟ್ಲೆ ಮಾತಾಡಿವ್ನಿ, ಒಂದಿನಾರ ಕಿವಿ ಕೊಟ್ಟಿದ್ಯಾ?"

ಇಲ್ಲವೆಂದು ತಲೆಯಾಡಿಸಿದೆ.

ಮನೆಯ ದಾರಿಯುದ್ದಕ್ಕೂ ಆ ನಿರೂಪಕನನ್ನು ಬೈದೆ. ಬೈದು ಬೈದು... ಅವನಿಗಾದರೂ ನಿಜ ಗೊತ್ತಿಲ್ಲದಿರಬಹುದು. ನಾನು ಗೊತ್ತಿದ್ದೂ ಬಾಯಿ ಹೊಲಿದುಕೊಂಡವನು.

ಕ್ಷಮಿಸು ಎನ್ನಲಾರೆ. ನಾಳೆ ಅದೇ ಟೀ ಅಂಗಡಿಯಲ್ಲಿ, ಅದೇ ಜನರೆದುರು ಇದನ್ನು ಹೇಳುತ್ತೇನೆ. ನೀನು ಮುಖಕ್ಕೆ ಉಗಿದರೆ ಒರೆಸಿಕೊಂಡು ಮಾನಂದವಾಡಿಯ ಬಸ್ಸು ಹತ್ತುತ್ತೇನೆ. ಗೌರಿಯ ಗಂಡನ ಮನೆಯ ಬಾಗಿಲಲ್ಲಿ ನಿಂತು ಹೇಳಬೇಕು — ಇವಳಣ್ಣ ಅವತ್ತು ಫೋನಿನಲ್ಲಿ ಆಡಿದ್ದು ಬಾಣಂತನದ ಮಾತು ಮಾತ್ರ. ನಾನು ಕೇಳಿದ್ದೇನೆ, ನಾನೇ ಸಾಕ್ಷಿ.