ಕೇಳಿದವರಿಗೆ ಕೊಡುವ ಇಂಜೆಕ್ಷನ್

ದೇವರ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಾಗ ಮಣಿಪಾಲದ ಕ್ಲಿನಿಕ್ಕಿನಿಂದ ಫೋನ್ ಬಂತು. ಕಿರುಬೆರಳಿನಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ.

"ಅಮ್ಮ, ಆವತ್ತು ತೆಗೆದ ಸ್ಯಾಂಪಲ್ ಸಾಕಾಗಲಿಲ್ಲ. ಇನ್ನೊಮ್ಮೆ ಬರಬೇಕು," ಎಂದಳು ನರ್ಸ್.

ಮುಟ್ಟು ನಿಂತು ಎರಡು ವರ್ಷದ ಮೇಲೆ ನನಗೆ ಮತ್ತೆ ರಕ್ತ ಕಂಡಿತ್ತು. ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆ ಮಾಡಬೇಕು, ಅಡ್ಮಿಟ್ ಆಗುವುದು ಬೇಡ, ಇರುವೆ ಕಚ್ಚಿದಷ್ಟು ನೋವು ಎಂದಿದ್ದರು. ತಿಂಡಿ ತಿಂದು ನೋವಿನ ಮಾತ್ರೆ ನುಂಗಿ ಬರಲು ಹೇಳಿದ್ದರು. ಆ ದಿನ ಏಕಾದಶಿ. ಉಪವಾಸ ಬಿಟ್ಟವಳಲ್ಲ ನಾನು. ಮಾತ್ರೆ ಬ್ಯಾಗಿನಲ್ಲೇ ಉಳಿಯಿತು. ನುಂಗಿದಿರಾ ಎಂದು ಅಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನಗಿಂತ ಮೊದಲು ಒಳಗೆ ಹೋದ ಕಾರ್ಕಳದ ಹೆಂಗಸಿನ ಕೂಗು ಹೊರಗಿನ ಬೆಂಚಿನವರೆಗೂ ಕೇಳಿತು. ಇಷ್ಟಕ್ಕೆಲ್ಲ ಹೀಗಾ ಎಂದುಕೊಂಡೆ. ನನ್ನ ಸರದಿ ಬಂದಾಗ ತಿಳಿಯಿತು. ಇರುವೆಯಲ್ಲ, ಹೊಟ್ಟೆಯೊಳಗೆ ಯಾರೋ ತೆಂಗಿನಕಾಯಿ ತುರಿಯುತ್ತಿದ್ದ ಹಾಗೆ. ಸೆರಗು ಕಚ್ಚಿ, ಬೆರಳಿನ ಗೆರೆ ಎಣಿಸುತ್ತ, ಕೃಷ್ಣ ಕೃಷ್ಣ ಎಂದು ಒಳಗೊಳಗೇ ಜಪಿಸಿದೆ. ಆಯಾ ನನ್ನ ಪಾದ ಹಿಡಿದುಕೊಂಡಿದ್ದಳು. ಆ ಬೆಚ್ಚನೆಯ ಕೈಯನ್ನು ದೇವರೇ ಕಳಿಸಿದ್ದು.

"ಎಷ್ಟು ಗಟ್ಟಿ ನೀವು, ಒಂದು ಶಬ್ದ ಇಲ್ಲ," ಎಂದು ಡಾಕ್ಟರಮ್ಮ ಮೆಚ್ಚಿದರು. ಚೀಟಿಯಲ್ಲೂ ತೊಂದರೆಯಿಲ್ಲದೆ ಮುಗಿಯಿತು ಎಂದೇ ಬರೆದರು.

ಹೊರಗೆ ಆ ಕಾರ್ಕಳದವರು ಇನ್ನೂ ಕೂತಿದ್ದರು. "ನಿಮಗೆ ಮರಗಟ್ಟುವ ಇಂಜೆಕ್ಷನ್ ಕೊಟ್ರಾ?"

"ಎಂತ ಇಂಜೆಕ್ಷನ್?"

"ನಾನು ಬೊಬ್ಬೆ ಹೊಡೆದ ಮೇಲೆ ನಿಲ್ಲಿಸಿ ಕೊಟ್ರು. ನೀವು ಎಂತ ಮಾಡಿದ್ರಿ?"

"ದೇವರ ಹೆಸರು ಹೇಳ್ತಾ ಇದ್ದೆ. ಮನಸ್ಸಿನಲ್ಲಿ."

"ದೇವರಿಗೆ ಕೇಳಿರಬಹುದು ಮಾರಾಯ್ತಿ. ಡಾಕ್ಟರಿಗೂ ಕೇಳಬೇಕಲ್ವಾ?"

ನಗು ಬಂತು. ನಕ್ಕರೂ ಅಡಿಹೊಟ್ಟೆ ಹಿಂಡುತ್ತಿತ್ತು. ಉಡುಪಿಗೆ ಬಂದು ಹತ್ತಿದ ನಮ್ಮೂರು ಕಾಪುವಿನ ಬಸ್ಸಿನಲ್ಲಿ ಕೂರಲು ಸೀಟು ಸಿಕ್ಕಿತು. ಅಷ್ಟಾದರೂ ಸಿಕ್ಕಿತಲ್ಲ.

ಈಗ ಮತ್ತೆ ಅದೇ ಮೇಜು. ಸಾಕಾಗಿ ಹೋಗಿತ್ತು. "ಬರದಿದ್ದರೆ ಎಂತ ಆಗ್ತದೆ?" ಎಂದು ಕೇಳಿದೆ.

"ಒಳಗೆ ಕೆಟ್ಟದ್ದು ಎಂತದಾದ್ರೂ ಇದ್ರೆ ಗೊತ್ತಾಗುದಿಲ್ಲ ಅಮ್ಮ."

ಕೈಯಲ್ಲಿದ್ದ ಹುಣಸೆಯನ್ನು ಬಟ್ಟಲಿಗೆ ಹಾಕಿದೆ. "ಮರಗಟ್ಟುವ ಇಂಜೆಕ್ಷನ್ ಉಂಟಂತೆ?"

"ಉಂಟು. ಕೇಳಿದವರಿಗೆ ಕೊಡ್ತಾರೆ."

"ಕೇಳದವರಿಗೆ?"

ಪಾಪ, ಅವಳ ಕೈಯಲ್ಲಿ ಏನಿದೆ.

"ನಾನು ಕೇಳಿದ್ದೇನೆ ಅಂತ ಬರೆದುಕೊಳ್ಳಿ. ಮೊದಲೇ ಕೊಡಬೇಕು, ಬೊಬ್ಬೆ ಹೊಡೆದ ಮೇಲೆ ಅಲ್ಲ."

"ಬರೆದೆ ಅಮ್ಮ. ಗುರುವಾರ ಬನ್ನಿ."

ಗೋಡೆಯ ಪಂಚಾಂಗ ನೋಡಿದೆ. ಗುರುವಾರ ದ್ವಾದಶಿ. ಬೆಳಿಗ್ಗೆಯೇ ಪಾರಣೆ ಮುಗಿಸಿ, ಉಂಡು ಮಾತ್ರೆ ನುಂಗಬಹುದು. ಅವಳು ಬರೆದದ್ದನ್ನು ಡಾಕ್ಟರಮ್ಮ ಓದುತ್ತಾರೋ ಇಲ್ಲವೋ. ಮೇಜು ಹತ್ತುವ ಮೊದಲು ಇನ್ನೊಮ್ಮೆ ಬಾಯಿಬಿಟ್ಟು ಹೇಳಬೇಕು.

ದೀಪಗಳ ಮೇಲೆ ಹುಣಸೆ ಒಣಗಿ ಕಪ್ಪಾಗಿತ್ತು. ತೊಳೆದು ಕವುಚಿಟ್ಟು, ಮಧ್ಯಾಹ್ನದ ಕುಚ್ಚಲಕ್ಕಿ ತೊಳೆಯಲು ಎದ್ದೆ.