ಬೇವು ಚಿಗುರಿದಾಗ ಕಡಿದ ಸಂಪರ್ಕ

ಕೆಟ್ಟುಹೋದ ಯಂತ್ರಕ್ಕೆ ನಮ್ಮ ಸೀಮೆಯಲ್ಲಿ ಪ್ರಥಮ ಚಿಕಿತ್ಸೆಯೆಂದರೆ ಒಂದು ಪೆಟ್ಟು. ರೇಡಿಯೋ ಗೊರಗುಟ್ಟಿದರೆ ನೆತ್ತಿಗೆ, ಟೀವಿ ಮಸುಕಾದರೆ ಪಕ್ಕೆಗೆ, ಮೋಟಾರ್ ಸೈಕಲ್ ಮೊಂಡು ಹಿಡಿದರೆ ಎಲ್ಲಿ ಸಿಕ್ಕಿತೋ ಅಲ್ಲಿಗೆ. ಕಂಪ್ಯೂಟರ್ ಬಂದ ಮೇಲೆ ನಾವು ಸುಸಂಸ್ಕೃತರಾಗಿ, ಪೆಟ್ಟಿನ ಬದಲು ಗುಂಡಿ ಒತ್ತಿ ಆರಿಸುವುದನ್ನೂ ಮತ್ತೆ ಹಚ್ಚುವುದನ್ನೂ ಕಲಿತೆವು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಆ ಕಾಲದಲ್ಲಿ, ಬೈಲಹೊಂಗಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ನಾನು ಈ ವಿದ್ಯೆಯಲ್ಲಿ ಊರಿಗೇ ಪ್ರವೀಣನೆಂದು ಹೆಸರಾಗಿದ್ದೆ. ಆ ಹೆಸರನ್ನು ಹಬ್ಬಿಸಿದವರಲ್ಲಿ ನಾನೂ ಒಬ್ಬ.

ನಮ್ಮ ಕಾಲೇಜಿಗೆ ಪೇಟೆಯೊಳಗೊಂದು ಹಳೆಯ ಕಟ್ಟಡ, ಊರ ಹೊರಗೊಂದು ಹೊಸದು. ಅಂತರ್ಜಾಲದ ತಂತಿ ಬಂದದ್ದು ಹಳೆಯದಕ್ಕೆ. ಕಂಪ್ಯೂಟರುಗಳನ್ನು ಇಟ್ಟದ್ದು ಹೊಸದರಲ್ಲಿ. ಈ ವಿರಹವನ್ನು ನೀಗಿಸಲು ಎರಡೂ ಮಾಳಿಗೆಗಳ ಮೇಲೆ ಬುಟ್ಟಿಯಗಲದ ಒಂದೊಂದು ಡಿಶ್ ನಿಲ್ಲಿಸಿ, ಒಂದರ ಮುಖವನ್ನು ಇನ್ನೊಂದರತ್ತ ತಿರುಗಿಸಿ, ಗಾಳಿಯಲ್ಲೇ ಸೇತುವೆ ಕಟ್ಟಿದೆ. ‘ನಿಸ್ತಂತು’ ಎಂಬುದು ‘ನಿಶ್ಚಿಂತೆ’ಯ ದಾಯಾದಿ ಎಂದು ನಂಬಿದ್ದ ದಿನಗಳವು. ಶಿವರಾತ್ರಿಗೆ ಕಟ್ಟಿದ ಆ ಸೇತುವೆ ಉಗಾದಿ ಸಮೀಪಿಸುವ ತನಕ ದಷ್ಟಪುಷ್ಟವಾಗಿಯೇ ಇತ್ತು. ಆಮೇಲೆ ಸಂಪರ್ಕ ಬರುವುದು, ಹೋಗುವುದು, ಗಾಳಿ ಬೀಸಿದರೆ ಹೋಗಿಯೇ ಬಿಡುವುದು ಶುರುವಾಯಿತು.

ಹೋದರೆ ಹೋಗಲಿ ಎನ್ನುವಂತಿರಲಿಲ್ಲ. ಕಂಪ್ಯೂಟರ್ ಕೋರ್ಸೊಂದರ ಪರೀಕ್ಷೆಯನ್ನು ಅಂತರ್ಜಾಲದಲ್ಲೇ ಬರೆಯಬೇಕಿತ್ತು. ನಮ್ಮ ಕಾಲೇಜನ್ನು ಕೇಂದ್ರವಾಗಿ ಒಪ್ಪಿದ್ದವರು, ಮೊದಲು ಬಂದು ಸಂಪರ್ಕವನ್ನು ಪರೀಕ್ಷಿಸುತ್ತೇವೆ, ಸರಿಯಿಲ್ಲದಿದ್ದರೆ ಕೇಂದ್ರ ಬೆಳಗಾವಿಗೆ ಹೋಗುತ್ತದೆ ಎಂದಿದ್ದರು. ಬೆಳಗಾವಿಯೇನು ಮಹಾ ದೂರ ಎಂದು ನೀವು ಕೇಳಬಹುದು. ಮನೋಳಿಯಿಂದ ಸವದತ್ತಿಯಲ್ಲಿ ಬಸ್ಸು ಬದಲಿಸಿ ದಿನಾ ಕಾಲೇಜಿಗೆ ಬರುತ್ತಿದ್ದ ನನ್ನ ವಿದ್ಯಾರ್ಥಿನಿ ಶಿವಲೀಲಾಳ ಅಜ್ಜನಿಗೆ ಅದು ಮಹಾ ದೂರವೇ ಆಗಿತ್ತು.

“ಬೆಳಗಾವಿ ಅಂದ್ರ ಪರೀಕ್ಷಾನೂ ಬ್ಯಾಡ, ಏನೂ ಬ್ಯಾಡ ಅಂದಾರ್ರಿ ನಮ್ಮಜ್ಜ,” ಎಂದು ಅವಳು ಬಸ್ಸಿನ ವೇಳೆ ಹೇಳಿದಷ್ಟು ಶಾಂತವಾಗಿ ಹೇಳಿದಳು. “ಇಲ್ಲೇ ಆಗ್ತೈತೇನ್ರಿ ಸರ?”

“ಇಲ್ಲೇ ಆಗ್ತೈತಿ,” ಎಂದೆ. ನನ್ನ ಬಳಿ ಆಗ ಧಾರಾಳವಾಗಿದ್ದದ್ದು ಧೈರ್ಯವೊಂದೇ.

ಮರುದಿನದಿಂದ ದೋಷಾನ್ವೇಷಣೆ ಆರಂಭಿಸಿದೆ. ಕೇಬಲ್ ಬದಲಿಸಿದೆ, ಅಡಾಪ್ಟರ್ ಬದಲಿಸಿದೆ, ಚಾನೆಲ್ ಬದಲಿಸಿದೆ. ಬದಲಾಗದೆ ಉಳಿದದ್ದು ಫಲಿತಾಂಶ ಮಾತ್ರ. ಕೊನೆಗೆ ಎರಡೂ ಕಡೆಯ ಉಪಕರಣಗಳನ್ನು ಇಳಿಸಿ ತಂದು ಒಂದೇ ಕೋಣೆಯಲ್ಲಿ ಎದುರುಬದುರು ಕೂರಿಸಿದೆ. ನವದಂಪತಿಗಳಂತೆ ಅವು ಎಡೆಬಿಡದೆ ಮಾತಾಡಿಕೊಂಡವು. ಅಲ್ಲಿಗೆ ಇಬ್ಬರೂ ನಿರ್ದೋಷಿಗಳು; ತಪ್ಪು ನಡುದಾರಿಯಲ್ಲಿದೆ ಎಂದಾಯಿತು. ಹಳೆಯ ಕಟ್ಟಡದ ಮಾಳಿಗೆ ಹತ್ತಿ, ಡಿಶ್ ನಿಂತಿದ್ದ ಜಾಗದಲ್ಲೇ ನಿಂತು ಎದುರಿಗೆ ನೋಡಿದೆ. ಹೊಸ ಕಟ್ಟಡವೇ ಕಾಣಲಿಲ್ಲ. ಶಿವರಾತ್ರಿಯಲ್ಲಿ ಎಲೆ ಉದುರಿಸಿ ಬರಿಮೈಯಲ್ಲಿ ನಿಂತಿದ್ದ ಬೇವಿನ ಮರ ಈಗ ಮೈತುಂಬ ಚಿಗುರಿತ್ತು; ನೀರು ತುಂಬಿದ ಆ ಎಳೆ ಎಲೆಗಳು ನನ್ನ ತರಂಗಗಳನ್ನು ನುಂಗುತ್ತಿದ್ದವು.

“ಟೊಂಗಿ ಕಡಸಿ ಒಗೀರಿ,” ಎಂದರು ಪ್ರಾಚಾರ್ಯರು. ಮರ ಯಾರ ಹಿತ್ತಿಲಲ್ಲಿದೆ ಎಂದು ತಿಳಿದ ಮೇಲೆ ದನಿ ತಗ್ಗಿಸಿ, “ಕೇಳಿ ನೋಡ್ರಿ ಮೊದ್ಲ,” ಎಂದರು. ಅದು ಜೈತುನಬಿ ಅಕ್ಕೋರ ಮನೆ. ಕನ್ನಡ ಸಾಲಿಯಲ್ಲಿ ಅರ್ಧ ಊರಿಗೆ ಅಕ್ಷರ ತಿದ್ದಿಸಿ ನಿವೃತ್ತರಾದವರು. ಆ ಅರ್ಧದಲ್ಲಿ ಪ್ರಾಚಾರ್ಯರೂ ಸೇರಿದ್ದರು.

ಅಕ್ಕೋರು ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದರು. ನನ್ನ ವಿವರಣೆಯನ್ನು ಪೂರ್ತಿ ಕೇಳಿದರು.

“ಈಗ ಕಡದ್ರ ಬರೂ ವರ್ಷ ಮತ್ತ ಚಿಗಿಯೂದಿಲ್ಲೇನ್ರಿ ಸರ?”

“ಚಿಗೀತೈತ್ರಿ.”

“ಹಂಗಾರ ವರ್ಷಾ ವರ್ಷಾ ಕೊಡ್ಲಿ ತಗೊಂಡ ಬರ್ತೀರೇನು?”

ನಾನು ಮೇಲೆ ನೋಡಿದೆ. ಅವರ ಮಾಳಿಗೆ ಮರದಿಂದ ಸಾಕಷ್ಟು ಸರಿದು, ಎತ್ತರದಲ್ಲಿತ್ತು. ಅನುಮತಿ ಕೇಳಿ ಹತ್ತಿದೆ. ಅಲ್ಲಿಂದ ಎರಡೂ ಕಟ್ಟಡಗಳು ನಿರಾಳವಾಗಿ ಕಂಡವು. ದಾರಿ ನೇರವಾಗಿಯೇ ಇರಬೇಕೆಂಬ ಹಟ ನನ್ನದಾಗಿತ್ತೇ ಹೊರತು ತರಂಗಗಳದಲ್ಲ.

“ಗಿಡಾ ಇರ್ಲಿ ಬಿಡ್ರಿ ಅಕ್ಕೋರ,” ಎಂದೆ ಇಳಿದು ಬಂದು. “ನಿಮ್ಮ ಮಾಳಗಿ ಮ್ಯಾಲ ಹಳೇ ಕಟ್ಟಡದ ಕಡೆ ಒಂದು, ಹೊಸಾದರ ಕಡೆ ಒಂದು, ಎರಡು ಡಿಶ್ ನಿಲ್ಲಿಸಾಕ ಜಾಗಾ ಕೊಟ್ರ, ಗಿಡಾ ಸುತ್ತಹಾಕಿ ಹೋಗಬಹುದು.”

“ಯಾರ ಸಲುವಾಗಿ ಇಷ್ಟೆಲ್ಲಾ?”

ಶಿವಲೀಲಾಳ ವಿಷಯ ಹೇಳಿದೆ. ಅಕ್ಕೋರು ಮೆಣಸಿನಕಾಯಿಗಳಲ್ಲಿ ಕೈಯಾಡಿಸುತ್ತಲೇ ಹೇಳಿದರು: “ನಾ ಟ್ರೇನಿಂಗಿಗೆ ಧಾರವಾಡಕ್ಕ ಹೋಗ್ತೇನಿ ಅಂದಾಗ ನಮ್ಮ ಮನ್ಯಾಗೂ ಹಿಂಗ ಅಂದಿದ್ರು. ಹಾಕ್ರಿ.”

ಹುಬ್ಬಳ್ಳಿಯಿಂದ ಇನ್ನೆರಡು ಡಿಶ್ ತರಿಸಿದೆವು. ನಾನು ಅಕ್ಕೋರ ಮಾಳಿಗೆಯ ಮೇಲೆ ಡಿಶ್ಶನ್ನು ಕೂದಲೆಳೆಯಷ್ಟು ಹೊರಳಿಸುವುದು, ಹೊಸ ಕಟ್ಟಡದಲ್ಲಿ ಪರದೆ ನೋಡುತ್ತ ಕುಳಿತ ಗ್ರಂಥಪಾಲಕ ಈರಣ್ಣ ಮೊಬೈಲಿನಲ್ಲಿ “ಬಂತ್ರಿ… ಹೋತ್ರಿ… ಬಂತ್ರಿ” ಎನ್ನುವುದು. ಇಡೀ ಮಧ್ಯಾಹ್ನ ಈರಣ್ಣನ ಶಬ್ದಕೋಶ ಆ ಎರಡು ಪದಗಳಾಚೆ ಬೆಳೆಯಲಿಲ್ಲ. ಸಂಜೆಯ ಹೊತ್ತಿಗೆ “ನಿಂತ್ರಿ” ಎಂಬ ಮೂರನೆಯ ಪದ ಬಂತು. ತಪಾಸಣೆಗೆ ಬಂದವರು ತಲೆಯಾಡಿಸಿ ಹೋದರು.

ಪರೀಕ್ಷೆಯ ದಿನ ಶಿವಲೀಲಾಳೂ ಉಳಿದ ಹುಡುಗಿಯರೂ ಬರೆಯಲು ಕೂತಾಗ ಸಂಪರ್ಕ ಒಮ್ಮೆ ಮಿಣುಕಿ ಮತ್ತೆ ಬಂತು. ಇನ್ನೊಮ್ಮೆ ಮಿಣುಕಿದರೆ ಮರಳಿ ಬರುವ ಭರವಸೆಯಿರಲಿಲ್ಲ. ಈರಣ್ಣನನ್ನು ಅಲ್ಲಿ ಬಿಟ್ಟು ಮೋಟಾರ್ ಸೈಕಲ್ಲಿನಲ್ಲಿ ಅಕ್ಕೋರ ಮನೆಗೆ ಧಾವಿಸಿದೆ. ಅವರು ಮಾಳಿಗೆಯ ಮೇಲೆ, ಬಿಸಿಲಲ್ಲಿ, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಗಳ ಹಿಡಿದು ಕುಳಿತಿದ್ದರು.

“ಮಂಗ್ಯಾ ಬಂದು ಅದರ ಮುಂದ ಕುಂತಿತ್ತು, ಓಡಿಸೇನಿ,” ಎಂದರು. “ನೀವು ಹೋಗ್ರಿ, ಹುಡಿಗ್ಯಾರ ಹತ್ರ ಇರ್ರಿ. ಇಲ್ಲಿ ನಾ ಅದೇನಿ.”

ಮುಗಿಯುವ ತನಕ ಅವರು ಇಳಿಯಲಿಲ್ಲ. ಸಂಜೆ ಶಿವಲೀಲಾಳನ್ನು ಕರೆದುಕೊಂಡು ಹೋದೆ. ಅಕ್ಕೋರು ಅವಳನ್ನು ಮೇಲಿಂದ ಕೆಳಗೆ ನೋಡಿ, “ಹೆಂಗ ಬರದೀ?” ಎಂದರು.

“ಛಲೋ ಬರದೇನ್ರಿ.”

“ಅಜ್ಜಗ ಹೇಳು. ಮುಂದಿನ ಪರೀಕ್ಷಾ ಬೆಳಗಾವ್ಯಾಗ ಇದ್ರ ನಾ ಜೋಡಿ ಬರ್ತೇನಿ.”

ಅವಳು ಪಾಸಾದಳು. ಮೇಲಿನ ಹಂತದ ಪರೀಕ್ಷೆ ಬೆಳಗಾವಿಯಲ್ಲೇ ಇತ್ತು. ಅದು ನನ್ನ ಯಾವ ಡಿಶ್ಶಿಗೂ ನಿಲುಕುವಂಥದ್ದಲ್ಲ. ನಾನು ಬಸ್‌ಸ್ಟ್ಯಾಂಡಿಗೆ ಹೋದಾಗ ಶಿವಲೀಲಾ ಕಿಟಕಿಯ ಪಕ್ಕ ಕುಳಿತಾಗಿತ್ತು, ಅವಳ ಪಕ್ಕದಲ್ಲಿ ಅಕ್ಕೋರು. ಮನೋಳಿಯಿಂದ ಮೊಮ್ಮಗಳ ಜೊತೆ ಬಂದಿದ್ದ ಅಜ್ಜ ಕೆಳಗೆ ನಿಂತಿದ್ದ. ಡ್ರೈವರ್ ಬಸ್ ಚಾಲೂ ಮಾಡಿದಾಗ ಬಗಲಲ್ಲಿದ್ದ ರೊಟ್ಟಿಯ ಗಂಟನ್ನು ಕಿಟಕಿಯೊಳಗೆ, ಮೊಮ್ಮಗಳನ್ನು ದಾಟಿಸಿ, ಅಕ್ಕೋರ ಕೈಗೇ ಕೊಟ್ಟ.

“ಇಬ್ರೂ ಉಣ್ರಿ, ಅಕ್ಕೋರ,” ಎಂದ.