ಸಮಾಧಿ ಕಲ್ಲಿನ ಎಂಟು

ಗಂಡನ ಸಮಾಧಿ ಕಲ್ಲಿನ ಮೇಲೆ ಎಂಟರ ಅಂಕಿ ಕಂಡದ್ದೇ ತಡ, ವಾನ್‌ಶುವಿನ ಪಿತ್ತ ನೆತ್ತಿಗೇರಿತು.

"ಯಾವ ಕತ್ತೆ ಕೆತ್ತಿಸಿದ್ದು ಇದನ್ನ?"

ಹಿರಿಯರ ಸಮಾಧಿಗೆ ಎಡೆಯಿಡುವ ಚಿಂಗ್‌ಮಿಂಗ್ ಹಬ್ಬ. ಬಂಧುಬಳಗ ಕಳೆ ಕಿತ್ತು, ಹಸಿರು ಅಕ್ಕಿ ಉಂಡೆ, ಮದ್ಯ ಇಟ್ಟು ಅವಳಿಗಾಗಿ ಕಾಯುತ್ತಿತ್ತು.

ಅವಳ ಗಂಡ ಪು ಹೆಂಗ್ ಶಾವ್‌ಶಿಂಗ್ ಊರಿನ ಶಾಲೆಯಲ್ಲಿ ಜೀವಮಾನವಿಡೀ ಅಬ್ಯಾಕಸ್ ಕಲಿಸಿದವನು. ಮನುಷ್ಯರಿಗಿಂತ ಒಂದು ಸಂಖ್ಯೆಯನ್ನೇ ಹೆಚ್ಚು ಹಚ್ಚಿಕೊಂಡಿದ್ದ: 12345679. ಅದರಲ್ಲಿ ಎಂಟು ಇಲ್ಲ. ಒಂಬತ್ತರಿಂದ ಗುಣಿಸಿದರೆ ಸಾಲಾಗಿ ಒಂಬತ್ತು ಒಂದುಗಳು. ಹೊಸದಾಗಿ ಸೇರಿದ ಮಕ್ಕಳನ್ನು "ನಿಂಗೆ ಯಾವ ಅಂಕಿ ಇಷ್ಟ ಪುಟ್ಟಾ?" ಎಂದು ಕೇಳುತ್ತಿದ್ದ. ಐದು ಅಂದರೆ ಆ ಸಂಖ್ಯೆಯನ್ನು ಐದೊಂಬತ್ಲಿ ನಲವತ್ತೈದರಿಂದ ಗುಣಿಸಲು ಹೇಳುವನು. ಮಣಿಗಳಲ್ಲಿ ಒಂಬತ್ತು ಐದುಗಳು ಸಾಲಾಗಿ ನಿಂತಾಗ ಮಕ್ಕಳು ಕಿರುಚುತ್ತಿದ್ದವು. ಮನೆಯಲ್ಲಿ ಮಾತ್ರ ಮಾತು ಕಮ್ಮಿ, ಸಿಡುಕು ಜಾಸ್ತಿ. ಸಾಯುವಾಗ ಕೇಳಿದ್ದೂ ಇಷ್ಟೇ: ಹೆಸರಿನ ಕೆಳಗೆ ಆ ಸಂಖ್ಯೆ ಇರಲಿ. ವಾನ್‌ಶು ಆ ಕೆಲಸವನ್ನು ಮೈದುನ ರುಯಿಗೆ ಒಪ್ಪಿಸಿದ್ದಳು.

"ನಾನೇ ಸೇರಿಸಿದೆ ಅತ್ತಿಗೆ," ಎಂದ ರುಯಿ. "ಮನೆತನದ ಕಲ್ಲಲ್ಲಿ ಅದೃಷ್ಟದ ಎಂಟೇ ಇಲ್ಲ ಅಂದ್ರೆ ಮಕ್ಳುಮರಿ ಉದ್ಧಾರ ಆಗೋದು ಹೇಗೆ? ನನ್ ಫೋನ್ ನಂಬರಲ್ಲೇ ನಾಲ್ಕು ಎಂಟಿದೆ. ಅಣ್ಣ ಸಾಯೋ ಹೊತ್ನಲ್ಲಿ ಮರ್ತಿರ್ಬೇಕು ಅಂದ್ಕೊಂಡೆ."

"ಮರ್ತಿರ್ಬೇಕಾ? ಅವ್ರು?"

ಎಡೆಗೆಂದು ತಂದಿದ್ದ ಗಂಡನ ಅಬ್ಯಾಕಸ್ಸನ್ನು ಬುಟ್ಟಿಯಿಂದ ಎಳೆದು, ಕಲ್ಲಿನ ಮೇಲಿದ್ದ 123456789 ಅನ್ನು ಒಂಬತ್ತರಿಂದ ಗುಣಿಸಿದಳು. ಮಣಿಗಳು ಟಪಟಪ ಬಡಿದವು.

"ನೋಡು. ಕೊನೇ ಒಂದರ ಪಕ್ಕ ಸೊನ್ನೆ! ನೀನು ಕೊರೆದಿಟ್ಟ ತೂತು ಅದು. ಈಗ ನಿನ್ನ ಎಂಟನ್ನ ತೆಗ್ದು ಎಪ್ಪತ್ತೆರಡರಿಂದ ಗುಣಿಸ್ತೀನಿ, ಕಣ್ಬಿಟ್ಟು ನೋಡು."

ಒಂಬತ್ತು ಎಂಟುಗಳು ಸಾಲಾಗಿ ನಿಂತವು.

"ನಿಂಗೆ ಒಂದೇ ಎಂಟು ಸಾಕಾ? ಅವ್ರು ಒಂಬತ್ತು ಇಟ್ಟಿದ್ರು ಕಣೋ, ದಡ್ಡ!"

ರುಯಿ ಮಣಿಗಳನ್ನೇ ನೋಡುತ್ತ ನಿಂತ. "ನಂಗಿದನ್ನ ಯಾರೂ ತೋರಿಸ್ಲೇ ಇಲ್ಲ."

"ಅವ್ರನ್ನ ಕೇಳಕ್ಕೇನಾಗಿತ್ತು?"

"ಕೇಳಿದ್ದೆ, ಚಿಕ್ಕೋನಿದ್ದಾಗ. ಎಂಟೆಲ್ಲಿ ಹೋಯ್ತಣ್ಣ ಅಂದೆ. ದಡ್ಡಾ, ಹೋಗಿ ಹಂದಿಗೆ ಮೇವು ಹಾಕು ಅಂದ. ಆಮೇಲೆ ಕೇಳ್ಲಿಲ್ಲ."

ವಾನ್‌ಶುವಿನ ಕೈ ಹಾಗೇ ನಿಂತಿತು. ತಾನೂ ಇದನ್ನು ಕಲಿತದ್ದು ತರಗತಿಯ ಕಿಟಕಿಯಾಚೆ, ಗಂಡನ ಊಟದ ಡಬ್ಬಿ ಹಿಡಿದು ನಿಂತು. ಒಳಗೆ ಬಾ ಎಂದು ಅವನು ಒಮ್ಮೆಯೂ ಕರೆದಿರಲಿಲ್ಲ. ಊರ ಮಕ್ಕಳಿಗೆಲ್ಲ ಅಷ್ಟು ಅಕ್ಕರೆ. ಮನೆಯವರಿಗೆ ಹಂದಿಗೂಡು, ಡಬ್ಬಿ. ಇಷ್ಟು ಹೊತ್ತು ರುಯಿಯ ಮೇಲಿದ್ದ ಕೋಪ ಈಗ ಕಲ್ಲಿನ ಕಡೆ ತಿರುಗಿತು. ಬೈದರೆ ಕೇಳುವವನೂ ಅಲ್ಲಿರಲಿಲ್ಲ.

"ನಾಳೆನೇ ಕಲ್ಲುಕುಟಿಗನ್ನ ಕರೆಸಿ ಅಳಿಸ್ತೀನಿ ಅತ್ತಿಗೆ," ಎಂದ ರುಯಿ ಮೆಲ್ಲಗೆ.

"ಬೇಡ," ಎಂದಳು ಅವಳು, ಕಲ್ಲನ್ನೇ ದುರುಗುಟ್ಟಿ ನೋಡುತ್ತ. "ಮುಟ್ಬೇಡ. ಇಲ್ಲೇ ಬಿದ್ಕೊಂಡು ತಪ್ಪು ಲೆಕ್ಕ ನೋಡ್ತಾ ಇರ್ಲಿ ಇವನು."